ಗಗನನೌಕೆಯೊಳಗೊಂದು ತಾಳಮದ್ದಳೆ

ಪತ್ತನಾಜೆ ಕಳೆದಿದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ, ವೇಷದ ಪೆಟ್ಟಿಗೆಗಳು ಒಳಗೆ ಸೇರಿವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಿನ ವಾಮದಪದವಿನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಬಯಲಿಗೆ ಬಯಲೇ ನೀರಾಗಿರುವಾಗ ರಂಗಸ್ಥಳ ಹಾಕುವುದೆಲ್ಲಿ? ಇನ್ನು ದೀಪಾವಳಿ ಹತ್ತಿರವಾಗುವವರೆಗೆ ಮಾತಿನ ಕಾಲ. ಮಾಡಿನ ಕೆಳಗೆ ನಾಲ್ಕು ಕುರ್ಚಿ ಈಚೆಗೆ, ನಾಲ್ಕು ಕುರ್ಚಿ ಆಚೆಗೆ, ನಡುವೆ ಭಾಗವತರು. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಗೆ ಇಷ್ಟು ಸಾಕು.

ಕಳೆದ ವಾರ ಈ ಅಂಕಣ ಓದುಗರಿಗೆ ಮಾತು ಕೊಟ್ಟದ್ದು ಬೇರೆಯದಕ್ಕೆ. ‘ಲೆಜೆಂಡ್ ಆಫ್ ದ ಗ್ಯಾಲಕ್ಟಿಕ್ ಹೀರೋಸ್’ ಎಂಬ ಜಪಾನಿನ ಆನಿಮೆಯ ಎರಡು ಆವೃತ್ತಿಗಳನ್ನು, 1988ರದ್ದನ್ನೂ 2018ರದ್ದನ್ನೂ, ಎದುರುಬದುರು ಇಟ್ಟು ಯಾವುದು ಮೇಲೆಂದು ತೀರ್ಮಾನ ಹೇಳುವುದಾಗಿತ್ತು. ತೀರ್ಮಾನ ಒಂದೇ ಸಾಲಿನದು: ಹಳೆಯದೇ ಮೇಲು. ಪ್ರೊಡಕ್ಷನ್ ಐ.ಜಿ. ಸಂಸ್ಥೆ ಮಾಡಿದ ಹೊಸ ಆವೃತ್ತಿಯಲ್ಲಿ ನೌಕೆಗಳು ಹೊಳೆಯುತ್ತವೆ, ಮುಖಗಳು ಚಂದ ಇವೆ, ಬಾಹ್ಯಾಕಾಶ ನಿಜವಾಗಿಯೂ ಆಳವಾಗಿ ಕಾಣುತ್ತದೆ. ಆದರೆ ಒಬ್ಬ ಮಾತಾಡುವಾಗ ಇನ್ನೊಬ್ಬ ಸುಮ್ಮನೆ ಕೂತು ಕೇಳುವ ಆ ಹೊತ್ತು ಹಳೆಯದರಲ್ಲಿ ಇದ್ದಷ್ಟು ಹೊಸದರಲ್ಲಿ ಇಲ್ಲ. ಈ ಒಂದು ಕಾರಣವನ್ನು ಬರೆಯಹೊರಟಾಗ ವಿಷಯ ಎಲ್ಲಿಂದೆಲ್ಲಿಗೋ ಹೋಯಿತು. ಹೋದ ದಾರಿಯೇ ಹೆಚ್ಚು ಮುಖ್ಯ ಎನಿಸಿದ್ದರಿಂದ ಈ ವಾರ ಅದನ್ನೇ ಹಿಡಿಯಲಾಗಿದೆ.

ಕಥೆ ಈ ಪುಟದ ಓದುಗರಿಗೆ ಗೊತ್ತಿರುವುದೇ. ಯೋಶಿಕಿ ತನಾಕಾ 1982ರಿಂದ 1987ರವರೆಗೆ ಹತ್ತು ಸಂಪುಟಗಳಲ್ಲಿ ಬರೆದ ಕಾದಂಬರಿ. ಒಂದು ಕಡೆ ಗೋಲ್ಡನ್‌ಬಾಮ್ ವಂಶದ ಸಾಮ್ರಾಜ್ಯ, ಇನ್ನೊಂದು ಕಡೆ ಸ್ವತಂತ್ರ ಗ್ರಹಗಳ ಒಕ್ಕೂಟ. ಸಾಮ್ರಾಜ್ಯದಲ್ಲಿ ಬಡ ಕುಲೀನ ಮನೆಯಿಂದ ಬಂದ ರೈನ್‌ಹಾರ್ಡ್ ಎಂಬ ಯುವಕ ಒಂದೊಂದೇ ಮೆಟ್ಟಿಲು ಹತ್ತಿ ಸಿಂಹಾಸನದವರೆಗೆ ಹೋಗುತ್ತಾನೆ. ಒಕ್ಕೂಟದಲ್ಲಿ ಯಾಂಗ್ ವೆನ್‌ಲಿ. ಇತಿಹಾಸ ಓದಬೇಕೆಂಬ ಆಸೆ, ಕೈಯಲ್ಲಿ ಕಾಸಿಲ್ಲ, ಬಿಟ್ಟಿ ಓದು ಸಿಗುತ್ತದೆಂದು ಸೈನಿಕ ಶಾಲೆಗೆ ಸೇರಿದವನು; ಬೇಡ ಬೇಡವೆನ್ನುತ್ತಲೇ ಸೇನಾನಿಯಾಗುತ್ತಾನೆ. ಸರ್ವಾಧಿಕಾರದ ಕಡೆ ಇರುವವನು ಪ್ರಾಮಾಣಿಕ, ಸಮರ್ಥ, ಜನರ ಹೊಟ್ಟೆಬಟ್ಟೆಯ ಬಗ್ಗೆ ಯೋಚಿಸುವವನು. ಪ್ರಜಾಪ್ರಭುತ್ವದ ಕಡೆ ಅಧಿಕಾರದಲ್ಲಿರುವ ಟ್ರೂನಿಖ್ಟ್ ಸವಿಮಾತಿನ ಸ್ವಾರ್ಥಿ. ಹಾಗಾದರೆ ನೀವು ಯಾರ ಪಕ್ಷ? ತನಾಕಾ ಹತ್ತು ಸಂಪುಟಗಳ ಉದ್ದಕ್ಕೂ ಓದುಗನನ್ನು ಈ ಇಕ್ಕಟ್ಟಿನಿಂದ ಹೊರಗೆ ಬಿಡುವುದಿಲ್ಲ.

ಇದನ್ನು ತಾಳಮದ್ದಳೆ ಕೇಳಿ ಬೆಳೆದವರು ಕೂಡಲೇ ಗುರುತಿಸುತ್ತಾರೆ. ಒಳ್ಳೆಯ ಕೂಟದ ಮೊದಲ ಲಕ್ಷಣವೇ ಇದಿರು ಪಾತ್ರಕ್ಕೆ ಬಲವಾದ ಅರ್ಥಧಾರಿ, ಅಂದರೆ ಪಾತ್ರದ ಮಾತನ್ನು ಆಡುವ ಕಲಾವಿದ, ಇರುವುದು. ರಾಮನಿಗೆ ಎಂಥ ದೊಡ್ಡ ಕಲಾವಿದ ಕೂತರೂ ವಾಲಿ ಸೋತ ಧ್ವನಿಯಲ್ಲಿ ಮಾತಾಡಿದರೆ ಆ ರಾತ್ರಿ ಕೆಟ್ಟಂತೆಯೇ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಮಾಗಧ, ಕೌರವ ಎಂದರೆ ಕರಾವಳಿಯ ಜನ ದೂರದೂರದಿಂದ ಬಂದು ಕೂರುತ್ತಿದ್ದುದು ಯಾಕೆ? ಪುರಾಣ ಸೋಲಿಸಿದವನಿಗೆ ಶೇಣಿಯವರು ನ್ಯಾಯವಾದ ಪ್ರಶ್ನೆಗಳನ್ನು ಕೊಡುತ್ತಿದ್ದರು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವನು ಯಾವ ಅಧಿಕಾರದಿಂದ ಬಿಟ್ಟ? ಇದು ಯಾರ ನೆಲ, ಇಲ್ಲಿ ದಂಡಿಸುವ ಹಕ್ಕನ್ನು ನಿನಗೆ ಯಾರು ಕೊಟ್ಟರು? ವಾಲಿ ಸಾಯುತ್ತಾನೆ ಎಂಬುದು ಸಭೆಯಲ್ಲಿ ಕೂತ ಮಗುವಿಗೂ ಗೊತ್ತು. ಪಾರ್ತಿಸುಬ್ಬ ಹೆಣೆದ ಪದ್ಯವನ್ನು ಯಾವ ಅರ್ಥಧಾರಿಯೂ ಬದಲಿಸಲಾರ. ಆದರೆ ಸರಿ ಯಾರದು ಎಂಬುದು ಮಾತ್ರ ಪ್ರತಿ ಕೂಟದಲ್ಲೂ ಮತ್ತೆ ಹೊಸದಾಗಿ ತೀರ್ಮಾನವಾಗಬೇಕು.

ತನಾಕಾ ಕೂಡ ಹಾಗೆಯೇ ಮಾಡುತ್ತಾರೆ. ಯಾರು ಗೆಲ್ಲುತ್ತಾರೆ, ಯಾರು ಯಾವಾಗ ಸಾಯುತ್ತಾರೆ ಎಂಬುದನ್ನು ನಿರೂಪಕ ಎಷ್ಟೋ ಕಡೆ ಮೊದಲೇ ಹೇಳಿಬಿಡುತ್ತಾನೆ. ಅವನ ದನಿ ಎಲ್ಲ ಮುಗಿದ ಎಷ್ಟೋ ಕಾಲದ ಮೇಲೆ ಕೂತು ಬರೆಯುವ ಚರಿತ್ರಕಾರನದು. ಕಥೆ ಮುಂದೇನಾಗುತ್ತದೆ ಎಂಬ ಕುತೂಹಲವನ್ನು ಬೇಕೆಂದೇ ಕೈಬಿಟ್ಟು, ಆದದ್ದು ಸರಿಯೇ ಎಂಬ ಪ್ರಶ್ನೆಯನ್ನು ಉಳಿಸಿಕೊಂಡ ಬರವಣಿಗೆ ಇದು. ದೇರಾಜೆ ಸೀತಾರಾಮಯ್ಯನವರು ತಮ್ಮ ಒಂದು ಪುಸ್ತಕಕ್ಕೆ ‘ಕುರುಕ್ಷೇತ್ರಕ್ಕೊಂದು ಆಯೋಗ’ ಎಂದು ಹೆಸರಿಟ್ಟರು. ಸುಳ್ಯದ ಕಡೆಯ ಈ ಅರ್ಥಧಾರಿಗೂ ಕುಮಾಮೊಟೊದಲ್ಲಿ ಹುಟ್ಟಿದ ಕಾದಂಬರಿಕಾರನಿಗೂ ಪರಿಚಯವಿರಲಿಲ್ಲ. ಆದರೆ ಯುದ್ಧವನ್ನು ಆಯೋಗದ ಮುಂದೆ ತಂದು ನಿಲ್ಲಿಸಬೇಕು ಎಂಬ ಮನಸ್ಸು ಇಬ್ಬರದೂ ಒಂದೇ.

ಇಲ್ಲಿ ಒಂದು ಹಳೆಯ ಲೆಕ್ಕ ಚುಕ್ತಾ ಮಾಡಲೇಬೇಕು. ಆನಿಮೆ ನೋಡುವವರಲ್ಲಿ ಒಂದು ಪಂಗಡವಿದೆ. ಅವರ ದೂರು ವರ್ಷಗಳಿಂದ ಒಂದೇ: ‘ಇದರಲ್ಲಿ ಮಾತು ಜಾಸ್ತಿ, ಯುದ್ಧ ಕಡಿಮೆ.’ ನೂರಹತ್ತು ಕಂತು ಯಾರು ನೋಡುತ್ತಾರೆ, ರೈನ್‌ಹಾರ್ಡ್ ಬರುವ ತುಣುಕುಗಳನ್ನಷ್ಟೇ ಕತ್ತರಿಸಿ ಸಂಗೀತ ಹಾಕಿ ನೋಡಿದರೆ ಸಾಕು ಎನ್ನುವವರು ಇವರು. ತಾಳಮದ್ದಳೆಯ ಲೋಕದಲ್ಲೂ ಇವರ ದಾಯಾದಿಗಳಿದ್ದಾರೆ. ಎರಡು ಗಂಟೆಯೊಳಗೆ ಪ್ರಸಂಗ ಮುಗಿಸಿ, ಪೀಠಿಕೆ ಬೇಡ, ಸಂವಾದ ಚುಟುಕಾಗಲಿ, ಚಪ್ಪಾಳೆ ಬೀಳುವ ನಾಲ್ಕು ಮಾತು ಇರಲಿ ಎನ್ನುವವರು. ಕಾಲಮಿತಿಗೆ ಕಾರಣಗಳಿವೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಕಷ್ಟ ಈ ಅಂಕಣಕ್ಕೆ ತಿಳಿಯದ್ದಲ್ಲ. ಆದರೆ ಪೀಠಿಕೆ ಕತ್ತರಿಸಿದಾಗ ಏಟು ಬೀಳುವುದು ಇದಿರು ಪಾತ್ರಕ್ಕೆ. ರಾಮನ ಪಕ್ಷವನ್ನು ಎಲ್ಲರೂ ಮನೆಯಿಂದಲೇ ತಂದಿರುತ್ತಾರೆ. ವಾಲಿಗೆ ಮಾತ್ರ ತನ್ನ ಪಕ್ಷವನ್ನು ಸೊನ್ನೆಯಿಂದ ಕಟ್ಟಲು ಹೊತ್ತು ಬೇಕು. ಆ ಹೊತ್ತನ್ನು ಕಿತ್ತುಕೊಂಡರೆ ಅಲ್ಲಿ ನಡೆಯುವುದು ಸಂವಾದವಲ್ಲ, ತೀರ್ಪಿನ ಓದು.

ಮಾತಿಗೆ ಹೊತ್ತು ಸಿಕ್ಕಿದ್ದರ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ನೊಬೊರು ಇಶಿಗುರೊ ನಿರ್ದೇಶಿಸಿದ ಹಳೆಯ ಸರಣಿ 1988ರ ಡಿಸೆಂಬರಿನಿಂದ 1997ರ ಮಾರ್ಚಿನವರೆಗೆ 110 ಕಂತುಗಳಲ್ಲಿ ಬಂತು. ಟಿವಿಗಾಗಿ ಮಾಡಿದ್ದಲ್ಲ. ಚಂದಾದಾರರು ಹಣ ಕಟ್ಟುತ್ತಿದ್ದರು, ವಿಎಚ್‌ಎಸ್ ಕ್ಯಾಸೆಟ್ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಜಾಹೀರಾತಿನವರಿಗೆ, ಆಟಿಕೆ ಮಾರುವವರಿಗೆ ಉತ್ತರ ಹೇಳಬೇಕಾಗಿರಲಿಲ್ಲ. ನಮ್ಮ ಹರಕೆ ಬಯಲಾಟ ಟಿಕೆಟ್ಟಿನ ಹಂಗಿಲ್ಲದೆ ಉಳಿದದ್ದೂ ಹೀಗೆಯೇ: ಖರ್ಚು ಹೊರುವ ಮನೆ ಒಂದು, ನೋಡುವವರು ಊರೆಲ್ಲ.

ಧ್ವನಿಯ ವಿಷಯವೂ ಹಾಗೆಯೇ. ಈ ಸರಣಿಯಲ್ಲಿ ಹೆಸರಿರುವ ಪಾತ್ರಗಳು ನೂರಾರು. ಜಪಾನಿನ ದೊಡ್ಡ ದೊಡ್ಡ ಕಂಠದಾನ ಕಲಾವಿದರೆಲ್ಲ ಇದರಲ್ಲಿ ಕಾಣಿಸಿಕೊಂಡ ಕಾರಣ ಅಲ್ಲಿನ ಅಭಿಮಾನಿಗಳು ಮೂಲ ಹೆಸರನ್ನೇ ತಿರುಚಿ ‘ಗ್ಯಾಲಕ್ಸಿಯ ಧ್ವನಿನಟರ ದಂತಕಥೆ’ ಎಂಬರ್ಥ ಬರುವಂತೆ ಕರೆಯುತ್ತಾರೆ. ಯಾಂಗ್‌ಗೆ ಧ್ವನಿ ಕೊಟ್ಟ ಕೇ ತೊಮಿಯಾಮಾ 1995ರಲ್ಲಿ ತೀರಿಕೊಂಡರು. ಯಾಂಗ್‌ನ ಆ ಸ್ವಲ್ಪ ದಣಿದ, ಎಲ್ಲೂ ಏರದ ದನಿಯನ್ನು ಕೇಳಿದವರಿಗೆ ಬೇರೆ ಯಾಂಗ್ ಒಗ್ಗುವುದು ಕಷ್ಟ. ಶೇಣಿಯವರ ಕ್ಯಾಸೆಟ್ಟುಗಳನ್ನು ಇಂದಿಗೂ ಜೋಪಾನ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯುದ್ಧವೇ ಇಲ್ಲವೆಂದಲ್ಲ. ಇದೆ. ಸಾವಿರಾರು ನೌಕೆಗಳು ಸಾಲುಸಾಲಾಗಿ ನಿಂತು ಕಾದುತ್ತವೆ. ಹಿನ್ನೆಲೆಯಲ್ಲಿ ಮಾಹ್ಲರ್, ಬ್ರುಕ್ನರ್, ದ್ವೊರಾಕ್. 1988ರ ಫೆಬ್ರವರಿಯಲ್ಲಿ ತೆರೆಗೆ ಬಂದ ಮೊದಲ ಚಲನಚಿತ್ರದಲ್ಲಿ ಒಂದು ಇಡೀ ಕಾಳಗ ರಾವೆಲ್‌ನ ‘ಬೊಲೆರೊ’ದ ಮೇಲೆ ನಡೆಯುತ್ತದೆ. ‘ಬೊಲೆರೊ’ ಕೇಳಿದವರಿಗೆ ಗೊತ್ತು, ಅದರಲ್ಲಿ ಸಣ್ಣ ಚರ್ಮವಾದ್ಯವೊಂದು ಮೊದಲಿನಿಂದ ಕೊನೆಯವರೆಗೆ ಒಂದೇ ನಡೆಯನ್ನು ಬಾರಿಸುತ್ತದೆ. ಅದರ ಮೇಲೆ ವಾದ್ಯಗಳು ಒಂದೊಂದಾಗಿ ಬಂದು ಸೇರುತ್ತ ಹೋಗುತ್ತವೆ. ಏರುಪದ್ಯಕ್ಕೆ ಚೆಂಡೆ ಸೇರಿದಾಗ ಕೂತವರ ಬೆನ್ನು ತಾನಾಗಿ ನೆಟ್ಟಗಾಗುತ್ತದಲ್ಲ, ಅದೇ ಅನುಭವ. ಇದೇ ಕಥೆಯನ್ನು 2012ರಲ್ಲಿ ಹೆಂಗಸರಷ್ಟೇ ಅಭಿನಯಿಸುವ ತಕರಝುಕಾ ತಂಡ ರಂಗಕ್ಕೆ ತಂದಿತು, ರೈನ್‌ಹಾರ್ಡ್ ಪಾತ್ರವನ್ನೂ ಹೆಣ್ಣೇ ಮಾಡಿದಳು. ಗಂಡಸರೇ ದ್ರೌಪದಿಯಾಗುವ ಪರಂಪರೆ ಕಂಡ ನಮ್ಮವರು ಅದನ್ನೊಮ್ಮೆ ನೋಡಬೇಕು.

ಈಗ ಹತ್ತಿರದಿಂದ ನೋಡಬೇಕಾದ ಎರಡು ದೃಶ್ಯಗಳು.

ಮೊದಲನೆಯದು ಆಸ್ಟಾರ್ಟೆ ಯುದ್ಧದಲ್ಲಿ ಸತ್ತವರ ಸ್ಮರಣಾರ್ಥ ಒಕ್ಕೂಟ ನಡೆಸುವ ಸಭೆ. ವೇದಿಕೆಯ ಮೇಲೆ ರಕ್ಷಣಾ ಸಮಿತಿಯ ಮುಖ್ಯಸ್ಥ ಟ್ರೂನಿಖ್ಟ್ ತ್ಯಾಗ, ಬಲಿದಾನ, ತಾಯ್ನಾಡು ಎಂದು ಮಾತಾಡುತ್ತಿದ್ದಾನೆ. ಸಭೆ ಎದ್ದು ನಿಂತು ಜಯಕಾರ ಹಾಕುತ್ತಿದೆ. ಸಮವಸ್ತ್ರದಲ್ಲಿರುವ ಯಾಂಗ್ ಮಾತ್ರ ಕೂತೇ ಇದ್ದಾನೆ. ಆಗ ನಡುದಾರಿಯಲ್ಲಿ ಒಬ್ಬ ಹೆಣ್ಣು ಮಗಳು ನಡೆದು ಬರುತ್ತಾಳೆ. ಜೆಸಿಕಾ ಎಡ್ವರ್ಡ್ಸ್. ಮದುವೆ ನಿಶ್ಚಯವಾಗಿದ್ದ ಹುಡುಗನನ್ನು ಅದೇ ಯುದ್ಧದಲ್ಲಿ ಕಳೆದುಕೊಂಡವಳು. ಕೂಗುವುದಿಲ್ಲ, ಅಳುವುದಿಲ್ಲ. ಬಲಿದಾನವನ್ನು ಹೊಗಳುವ ನೀವು ಎಲ್ಲಿದ್ದೀರಿ, ನಿಮ್ಮ ಮನೆಯವರು ಎಲ್ಲಿದ್ದಾರೆ ಎಂದಷ್ಟೇ ಕೇಳುತ್ತಾಳೆ. ಉತ್ತರ ಬರುವುದಿಲ್ಲ. ಅವಳನ್ನು ಹೊರಗೆ ಕಳಿಸುತ್ತಾರೆ. ಕುರುಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಭೀಷ್ಮನಂಥವನೂ ಉತ್ತರ ಕೊಡಲಾರದೆ ಹೋದ ಗಳಿಗೆ ಇದು. ಚುನಾಯಿತರ ಸಭೆಯೂ ಕುರುಸಭೆಯಾಗಬಲ್ಲದು ಎಂದು ತನಾಕಾ ಕಥೆಯ ಆರಂಭದಲ್ಲಿಯೇ ತೋರಿಸಿಬಿಡುತ್ತಾರೆ. ಜೆಸಿಕಾ ಅಲ್ಲಿಗೆ ಸುಮ್ಮನಾಗುವುದಿಲ್ಲ, ಚುನಾವಣೆಗೆ ನಿಂತು ಗೆದ್ದು ಒಕ್ಕೂಟದ ಶಾಸನಸಭೆಯ ಸದಸ್ಯೆಯಾಗುತ್ತಾಳೆ. ಅರ್ಥ ಹೇಳಿ ಹೆಸರಾದ ಕುಂಬಳೆ ಸುಂದರ ರಾವ್ 1994ರಲ್ಲಿ ಸುರತ್ಕಲ್‌ನಿಂದ ಗೆದ್ದು ವಿಧಾನಸೌಧದಲ್ಲಿ ಕೂತದ್ದು ನೆನಪಿರುವವರಿಗೆ, ಮಾತಿನ ಕೂಟದಿಂದ ಮತದ ಸಭೆಗೆ ಹೋಗುವ ದಾರಿ ಹೊಸದೇನಲ್ಲ.

ಎರಡನೆಯದು ವರ್ಮಿಲಿಯನ್ ಕಾಳಗದ ಕೊನೆ. ರೈನ್‌ಹಾರ್ಡ್‌ನ ಬಿಳಿಯ ನೌಕೆ ಬ್ರುನ್‌ಹಿಲ್ಡ್ ಯಾಂಗ್‌ನ ಫಿರಂಗಿಗಳ ಎದುರಿಗೆ ಬಂದು ನಿಂತಿದೆ. ಒಂದು ಅಪ್ಪಣೆ, ಒಂದೇ ಹೊಡೆತ, ಯುದ್ಧ ಮುಗಿಯುತ್ತದೆ. ಅಷ್ಟರಲ್ಲಿ ರಾಜಧಾನಿ ಹೈನೆಸನ್‌ನಿಂದ ಆಜ್ಞೆ ಬರುತ್ತದೆ: ಕದನ ನಿಲ್ಲಿಸಿ. ಅಲ್ಲಿ ಸಾಮ್ರಾಜ್ಯದ ಇನ್ನೆರಡು ಪಡೆಗಳು ರಾಜಧಾನಿಯನ್ನೇ ಸುತ್ತುವರಿದಿವೆ, ಟ್ರೂನಿಖ್ಟ್ ಶರಣಾಗಿದ್ದಾನೆ. ಯಾಂಗ್‌ನ ಪಕ್ಕದಲ್ಲಿರುವ ಶೇನ್‌ಕೋಪ್ ಆಜ್ಞೆಯನ್ನು ಬದಿಗಿಟ್ಟು ಹೊಡೆಯೆನ್ನುತ್ತಾನೆ. ಹೊಡೆದರೆ ಲೋಕವೇ ಕೈಗೆ ಬರುತ್ತದೆ. ಯಾಂಗ್ ಹೊಡೆಯುವುದಿಲ್ಲ.

ಈ ಗಳಿಗೆಯಲ್ಲಿ ಯಾಂಗ್‌ನನ್ನು ಬಯ್ಯದ ನೋಡುಗರಿಲ್ಲ. ಕೆಟ್ಟ ಸರಕಾರದ ಹೇಡಿ ಆಜ್ಞೆಗೆ ತಲೆಬಾಗಿ ಗೆದ್ದ ಯುದ್ಧವನ್ನು ಸೋಲುವುದು ಯಾವ ಬುದ್ಧಿವಂತಿಕೆ? ಈ ಅಂಕಣ ಯಾಂಗ್‌ನ ಪಕ್ಷ. ಎರಡು ವರ್ಷ ಹಿಂದೆ ಒಕ್ಕೂಟದ ಸೇನಾಧಿಕಾರಿಗಳೇ ದೇಶ ಉಳಿಸುತ್ತೇವೆಂದು ದಂಗೆಯೆದ್ದು ಸರಕಾರವನ್ನು ಕೆಳಗಿಳಿಸಿದ್ದರು. ಆ ದಂಗೆಯ ದಿನಗಳಲ್ಲೇ ಸೈನಿಕರು ಕ್ರೀಡಾಂಗಣದಲ್ಲಿ ಸೇರಿದ ಜನರ ಮೇಲೆ ಬಿದ್ದು ಸಾವಿರಾರು ಮಂದಿಯನ್ನು ಕೊಂದರು, ಜೆಸಿಕಾ ಸತ್ತದ್ದು ಅಲ್ಲಿಯೇ. ದಂಗೆಯನ್ನು ಅಡಗಿಸಿದವನು ಇದೇ ಯಾಂಗ್. ಈಗ ಅವನೂ ಸರಕಾರದ ಮಾತು ಮೀರಿ ಗುಂಡು ಹಾರಿಸಿದರೆ ಆ ದಂಗೆಕೋರರಿಗೂ ಅವನಿಗೂ ಇರುವ ವ್ಯತ್ಯಾಸ ಗುರಿಯ ಜಾಣತನವೊಂದೇ. ಬಂದೂಕು ಹಿಡಿದ ಒಳ್ಳೆಯವನು ಒಮ್ಮೆ ಆಜ್ಞೆ ಮೀರಿದರೆ ಮುಂದೆ ಮೀರುವವನು ಒಳ್ಳೆಯವನೇ ಆಗಿರುತ್ತಾನೆಂದು ಯಾರು ಬರೆದು ಕೊಟ್ಟಾರು?

ಆಮೇಲೆ ಇಬ್ಬರೂ ಬ್ರುನ್‌ಹಿಲ್ಡ್‌ನಲ್ಲಿ ಭೇಟಿಯಾಗುತ್ತಾರೆ. 54ನೆಯ ಕಂತು. ಎರಡು ಆಸನ, ನಡುವೆ ಮೇಜು. ಹೊರಗೆ ಇಡೀ ನಕ್ಷತ್ರಲೋಕವಿದೆ, ಕ್ಯಾಮೆರಾ ಅದನ್ನು ತಿರುಗಿಯೂ ನೋಡುವುದಿಲ್ಲ. ಗೆದ್ದವನು ಸೋತವನಿಗೆ ಸೇನಾಪತಿಯ ಪದವಿ ಕೊಡುತ್ತೇನೆನ್ನುತ್ತಾನೆ, ಸೋತವನು ಒಲ್ಲೆನೆನ್ನುತ್ತಾನೆ. ರೈನ್‌ಹಾರ್ಡ್‌ನ ಪ್ರಶ್ನೆ ನೇರ: ಮೊದಲ ಚಕ್ರವರ್ತಿ ರುಡಾಲ್ಫ್‌ನನ್ನು ಸೃಷ್ಟಿಸಿದ್ದು ಜನರೇ ಅಲ್ಲವೇ, ಅವರೇ ಓಟು ಹಾಕಿ ಗೆಲ್ಲಿಸಿದರಲ್ಲವೇ, ಅಂಥ ವ್ಯವಸ್ಥೆಯನ್ನು ಯಾಕಿಷ್ಟು ಹಚ್ಚಿಕೊಂಡಿದ್ದೀಯ? ಯಾಂಗ್‌ನ ಉತ್ತರದ ತಿರುಳು ಇಷ್ಟು: ಜನ ತಮ್ಮ ಹಕ್ಕನ್ನು ಹಾಳುಮಾಡಿಕೊಂಡರೆ ಹೊಣೆ ಅವರದೇ. ಒಬ್ಬ ದೊರೆ ಹಾಳುಮಾಡಿದರೆ ಅವರು ಅವನ ಮೇಲೆ ತಪ್ಪು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನೂರು ಒಳ್ಳೆಯ ದೊರೆಗಳ ಒಳ್ಳೆಯತನಕ್ಕಿಂತ ಆ ಕೈ ತೊಳೆಯುವ ಅಭ್ಯಾಸ ದೊಡ್ಡ ಕೇಡು. ರೈನ್‌ಹಾರ್ಡ್ ಒಪ್ಪುವುದಿಲ್ಲ. ಆದರೆ ಪೂರ್ತಿ ಕೇಳುತ್ತಾನೆ. ಕೃಷ್ಣಸಂಧಾನದಲ್ಲಿ ಕೌರವನೂ ಕೃಷ್ಣನೂ ಸಮಬಲದ ಕೈಗೆ ಬಿದ್ದ ರಾತ್ರಿ ಹೇಗಿರುತ್ತದೆಂದು ಬಲ್ಲವರು ಈ ಕಂತನ್ನು ತಪ್ಪಿಸಬಾರದು.

ಇದೆಲ್ಲ ಎಲ್ಲಿಯೋ ನಕ್ಷತ್ರಗಳ ನಡುವಿನ ಕಥೆಯೆಂದು ಬಂಟ್ವಾಳ ತಾಲೂಕಿನವರು ಹೇಳಲಾರರು. ಒಳ್ಳೆಯ ದೊರೆಯೋ ಜನರ ಹಕ್ಕೋ ಎಂಬ ಈ ಪ್ರಶ್ನೆಯನ್ನು ಈ ನೆಲ ತನ್ನ ಅಡಿಕೆ ತೋಟದಲ್ಲಿ, ಗದ್ದೆಯಲ್ಲಿ ಎದುರಿಸಿದೆ.

1974ರ ಮಾರ್ಚ್ 1ರಂದು ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನುಗಳು ಸರಕಾರಕ್ಕೆ ಸೇರಿದವು, ಉಳುವವನು ಅರ್ಜಿ ಹಾಕಿ ಒಡೆತನ ಪಡೆಯಬೇಕಿತ್ತು. ಅದು 7ನೇ ನಮೂನೆ. ಊರಿನ ಬಾಯಲ್ಲಿ ಅದು ‘ಡಿಕ್ಲರೇಶನ್’. ‘ನಮ್ಮ ಅಜ್ಜ ಡಿಕ್ಲರೇಶನ್ ಹಾಕಿದ್ದು’ ಎಂದರೆ ದಕ್ಷಿಣ ಕನ್ನಡದಲ್ಲಿ ಆ ಮನೆಯ ಅರ್ಧ ಚರಿತ್ರೆ ಹೇಳಿದ ಹಾಗೆ. ಒಂದೂಕಾಲು ವರ್ಷ ಕಳೆದ ಮೇಲೆ, 1975ರ ಜೂನ್ 25ರಂದು, ತುರ್ತು ಪರಿಸ್ಥಿತಿ. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದವರು ಸೆರೆಮನೆಗೆ. ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ತಿಂಗಳುಗಳಲ್ಲಿ ಇಲ್ಲಿ ಭೂನ್ಯಾಯಮಂಡಳಿಗಳು ಕೂತು ಒಕ್ಕಲುಗಳಿಗೆ ಭೂಮಿ ಬರೆದು ಕೊಡುತ್ತಿದ್ದವು.

ಒಂದು ಕೈ ಬಾಯಿ ಕಟ್ಟಿತು, ಇನ್ನೊಂದು ಕೈ ಭೂಮಿ ಕೊಟ್ಟಿತು. ಕುಲೀನರ ಸವಲತ್ತು ಕಿತ್ತು ರೈತರ ಹೊರೆ ಇಳಿಸಿದ ರೈನ್‌ಹಾರ್ಡ್‌ನನ್ನು ಸಾಮ್ರಾಜ್ಯದ ಬಡವರು ಮನಸಾರೆ ಪ್ರೀತಿಸಿದ್ದು ಯಾಕೆಂದು ಇಲ್ಲಿನವರಿಗೆ ಅರ್ಥವಾಗುತ್ತದೆ. ತುರ್ತು ಪರಿಸ್ಥಿತಿಯ ಹೆದರಿಕೆ ಇಲ್ಲದಿದ್ದರೆ ಧಣಿಗಳು ಬಿಟ್ಟುಕೊಡುತ್ತಿದ್ದರೇ ಎಂದು ಇಂದಿಗೂ ಕೇಳುವವರಿದ್ದಾರೆ. ಸುಳ್ಳು ಪ್ರಶ್ನೆಯಲ್ಲ ಅದು. ಚಾಲಗೇಣಿಗೆ ದುಡಿದು, ಎಬ್ಬಿಸುತ್ತಾರೆಂಬ ಭಯದಲ್ಲಿ ಬದುಕಿದ ಮನೆಯವರಿಗೆ ಆ ಭೂಮಿಗಿಂತ ದೊಡ್ಡ ಸ್ವಾತಂತ್ರ್ಯ ಯಾವುದಿತ್ತು?

ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಆ ಕಾನೂನು ದೇವರಾಜ ಅರಸರ ಕಾಲದ ಚುನಾಯಿತ ವಿಧಾನಮಂಡಲದಲ್ಲಿ ಪಾಸಾದದ್ದು, ತುರ್ತು ಪರಿಸ್ಥಿತಿಗಿಂತ ಮೊದಲು. ಎರಡನೆಯದು ನ್ಯಾಯಮಂಡಳಿಯ ರೀತಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರು. ಮತ್ತು ಆ ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ ಎಂದು ಕಾನೂನಿನಲ್ಲೇ ಬರೆದಿತ್ತು. ಅಂದರೆ ಧಣಿಯೂ ಒಕ್ಕಲೂ ಒಂದೇ ಕೋಣೆಯಲ್ಲಿ ನಿಂತು ತಂತಮ್ಮ ಬಾಯಿಂದಲೇ ಹೇಳಬೇಕು. ಚಾವಡಿಯ ಅಂಗಳದಲ್ಲಿ ತಲೆಯ ಮುಟ್ಟಾಳೆ ತೆಗೆದು ನಿಲ್ಲುತ್ತಿದ್ದವನು ಇಲ್ಲಿ ಎದುರು ನಿಂತು ‘ಈ ಗದ್ದೆ ನಾನು ಮಾಡಿದ್ದು, ನನ್ನ ಅಪ್ಪ ಮಾಡಿದ್ದು’ ಎನ್ನಬೇಕು. ಅವನಿಗೆ ಭೂಮಿ ಕೊಟ್ಟದ್ದು ಹೆದರಿಕೆಯ ಆಳ್ವಿಕೆ ಎನ್ನುವವರು ಅವನು ಬಾಯಿಬಿಟ್ಟ ಆ ಗಳಿಗೆಯನ್ನು ಲೆಕ್ಕದಿಂದ ಬಿಟ್ಟಿದ್ದಾರೆ. ಯಾಂಗ್ ಇದ್ದಿದ್ದರೆ ಅದನ್ನೇ ಮೊದಲು ಬರೆದಿಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಚರಿತ್ರಕಾರನ ಕೆಲಸ ತಾನೇ.

ಎರಡು ಆವೃತ್ತಿಗಳ ವಿವರವಾದ ಹೋಲಿಕೆ ಮುಂದಿನ ವಾರಕ್ಕೆ. ಅಷ್ಟರಲ್ಲಿ ಓದುಗರು ಹಳೆಯ ಸರಣಿಯ 51ರಿಂದ 54ರವರೆಗಿನ ಕಂತುಗಳನ್ನು ಒಂದೇ ಕೂರಿಕೆಯಲ್ಲಿ ನೋಡಿ ಮುಗಿಸಲಿ.

ಇನ್ನೊಂದು ವಿನಂತಿ. 1975ರಲ್ಲಿ ಮಂಡಳಿಯ ಮುಂದೆ ನಿಂತ ಇಪ್ಪತ್ತೈದರ ತರುಣನಿಗೆ ಈಗ ಎಪ್ಪತ್ತೈದು ದಾಟಿದೆ, ಅಂದು ನಲವತ್ತಾಗಿದ್ದವರಲ್ಲಿ ಉಳಿದವರು ಬಹಳ ಕಡಿಮೆ. ವಾಮದಪದವು, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಅಂಥ ಹಿರಿಯರಿದ್ದರೆ ಈ ಮಳೆಗಾಲದಲ್ಲೇ ಅವರ ಹತ್ತಿರ ಕೂತು, ಅಂದು ನೀವು ಏನು ಹೇಳಿದಿರಿ, ಧಣಿಗಳು ಏನು ಹೇಳಿದರು ಎಂದು ಕೇಳಿ. ಎರಡೂ ಪಕ್ಷವನ್ನು ಬರೆದುಕೊಳ್ಳಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲಿಯೇ ಬರೆದಿಡಿ.